ದಾವಣಗೆರೆಯಲ್ಲಿ ಮನೆ ಕೊಳ್ಳುವವರಿಗೆ: ಬೀದಿಯ ಬೆಲೆ ತಿಳಿಯುವ ಬಗೆ, ಪಕ್ಕದ ಮನೆಯ ನಾಯಿಯ ಕಾಟ ಬಗೆಹರಿಸುವ ಬಗೆ

ದಾವಣಗೆರೆಯಲ್ಲಿ ಮನೆ ನೋಡಲು ಹೊರಟವರಿಗೆ ದಲ್ಲಾಳಿಗಳು ಮೊದಲು ಹೇಳುವುದು ಅಳತೆ ಮತ್ತು ದಿಕ್ಕು: ಮೂವತ್ತು-ನಲವತ್ತು ಸೈಟು, ಪೂರ್ವದ ಬಾಗಿಲು, ಮುಂದೆ ಮೂವತ್ತಡಿ ರಸ್ತೆ. ಕಾಗದಪತ್ರ, ನೀರು, ಒಳಚರಂಡಿಗಳ ಮಾತು ಆಮೇಲೆ ಬರುತ್ತದೆ. ಪಕ್ಕದ ಮನೆಯ ನಾಯಿ ರಾತ್ರಿಯೆಲ್ಲ ಬೊಗಳುತ್ತದೆಯೇ, ಶಾಲೆಗೆ ಹೋಗುವ ಮಕ್ಕಳು ಆ ಗೇಟಿನ ಮುಂದೆ ಹೆದರದೆ ನಡೆಯಬಹುದೇ ಎಂಬುದನ್ನು ಮಾರುವವರು ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ಜೀವಮಾನದ ಉಳಿತಾಯ ಸುರಿದು ಕೊಂಡ ಮನೆಯಲ್ಲಿ ನೆಮ್ಮದಿಯಾಗಿ ನಿದ್ದೆ ಬರುವುದು ಬಹುಮಟ್ಟಿಗೆ ಈ ಪ್ರಶ್ನೆಗಳ ಮೇಲೆಯೇ ನಿಂತಿದೆ. ಆದ್ದರಿಂದ ಬೆಲೆಯ ವಿಚಾರವನ್ನೂ ನೆರೆಹೊರೆಯ ವಿಚಾರವನ್ನೂ ಇಲ್ಲಿ ಒಟ್ಟಿಗೇ ಬರೆಯುತ್ತಿದ್ದೇನೆ.

ಬೆಲೆ ತಿಳಿಯುವುದು

ಯಾವುದೇ ಬಡಾವಣೆಯಲ್ಲಿ ಎರಡು ಬೆಲೆಗಳಿರುತ್ತವೆ. ಒಂದು ಸರ್ಕಾರ ನಿಗದಿಪಡಿಸುವ ಮಾರ್ಗಸೂಚಿ ದರ, ಇನ್ನೊಂದು ಜನ ನಿಜವಾಗಿ ಕೊಟ್ಟು ಕೊಳ್ಳುವ ಮಾರುಕಟ್ಟೆ ದರ. ಮಾರ್ಗಸೂಚಿ ದರವನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಬಡಾವಣೆ ಮತ್ತು ರಸ್ತೆಯ ಹೆಸರು ಹಿಡಿದು ನೋಡಬಹುದು. 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಪರಿಷ್ಕೃತ ದರಗಳು ಜಾರಿಗೆ ಬಂದವು. ಮುದ್ರಾಂಕ ಶುಲ್ಕವನ್ನು ಈ ದರ ಅಥವಾ ಕ್ರಯಪತ್ರದ ಮೊತ್ತ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ ಹಾಕುತ್ತಾರೆ. ಮಾರ್ಗಸೂಚಿ ದರವನ್ನೇ ತೋರಿಸಿ ಇದಕ್ಕಿಂತ ಹೆಚ್ಚು ಕೊಡುವುದಿಲ್ಲವೆಂದು ಕೂತರೆ ಒಳ್ಳೆಯ ಬೀದಿಯಲ್ಲಿ ಮನೆ ಸಿಗುವುದಿಲ್ಲ. ದಲ್ಲಾಳಿ ಹೇಳಿದ್ದೇ ಬೆಲೆಯೆಂದು ನಂಬಿದರೆ ಹಣ ಹೆಚ್ಚು ಹೋಗುತ್ತದೆ.

ಮಾರುಕಟ್ಟೆ ದರ ತಿಳಿಯಲು ನನಗೆ ನಂಬಿಕೆಯಿರುವ ದಾರಿ ಋಣಭಾರ ಪತ್ರ (ಇ.ಸಿ.), ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಸಾಲಗಳ ಪಟ್ಟಿ. ನೀವು ನೋಡಿದ ಮನೆಯದಷ್ಟೇ ಅಲ್ಲದೆ, ಅದೇ ರಸ್ತೆಯಲ್ಲಿ ಇತ್ತೀಚೆಗೆ ಕೈ ಬದಲಾಯಿಸಿದ ಒಂದೆರಡು ಆಸ್ತಿಗಳ ಋಣಭಾರ ಪತ್ರವನ್ನೂ ಶುಲ್ಕ ಕಟ್ಟಿ ಪಡೆಯಿರಿ. ಅದರಲ್ಲಿ ಮಾರಿದವರು, ಕೊಂಡವರು, ದಿನಾಂಕ, ಕ್ರಯದ ಮೊತ್ತ ಎಲ್ಲವೂ ಇರುತ್ತವೆ. ಕ್ರಯಪತ್ರದಲ್ಲಿ ಮೊತ್ತವನ್ನು ಕಡಿಮೆ ತೋರಿಸುವ ಅಭ್ಯಾಸ ಇನ್ನೂ ಹೋಗಿಲ್ಲವಾದ್ದರಿಂದ ಅದು ಅಂತಿಮ ಸತ್ಯವಲ್ಲ, ಆದರೆ ಮಾತುಕತೆಗೆ ಗಟ್ಟಿ ನೆಲವನ್ನು ಕೊಡುತ್ತದೆ. ಇದರ ಜೊತೆಗೆ ಉಪನೋಂದಣಾಧಿಕಾರಿ ಕಚೇರಿಯ ಬಳಿ ಕೂರುವ ಪತ್ರ ಬರಹಗಾರರನ್ನೂ, ಬ್ಯಾಂಕಿಗೆ ಮೌಲ್ಯಮಾಪನ ಮಾಡಿಕೊಡುವ ಎಂಜಿನಿಯರನ್ನೂ ಕೇಳಿ. ಮಾರಾಟದಲ್ಲಿ ದಲಾಲಿ ಇಲ್ಲದವರ ಮಾತು ಹೆಚ್ಚು ನೇರವಾಗಿರುತ್ತದೆ.

ನಮ್ಮ ಊರಿನಲ್ಲಿ ಬೆಲೆ ಬಡಾವಣೆಯಿಂದ ಬಡಾವಣೆಗಷ್ಟೇ ಅಲ್ಲ, ತಿರುವಿನಿಂದ ತಿರುವಿಗೂ ಬದಲಾಗುತ್ತದೆ. ಪಿ.ಜೆ. ಬಡಾವಣೆ, ಎಂ.ಸಿ.ಸಿ. ಎ ಮತ್ತು ಬಿ ಬ್ಲಾಕ್, ವಿದ್ಯಾನಗರಗಳಲ್ಲಿ ಕಾಲೇಜು ಮತ್ತು ಆಸ್ಪತ್ರೆಗಳ ಕಾರಣದಿಂದ ವಿದ್ಯಾರ್ಥಿಗಳ, ವೈದ್ಯರ, ಬಾಡಿಗೆದಾರರ ಬೇಡಿಕೆ ಸದಾ ಇರುತ್ತದೆ. ಹಳೇ ಪೇಟೆಯ ಮನೆಗಳು ವ್ಯಾಪಾರಕ್ಕೆ ಹತ್ತಿರ, ಆದರೆ ಓಣಿ ಕಿರಿದು, ಗೋಡೆಗೆ ಗೋಡೆ ಅಂಟಿಕೊಂಡಿದೆ. ಶಾಮನೂರು, ಹದಡಿ ರಸ್ತೆಯ ಕಡೆಯ ಹೊಸ ಬಡಾವಣೆಗಳಲ್ಲಿ ಗಾಳಿ ಬೆಳಕು ಚೆನ್ನಾಗಿದ್ದರೂ ಖಾಲಿ ನಿವೇಶನಗಳು ಹೆಚ್ಚು, ಅವುಗಳ ಜೊತೆ ಕಸವೂ ಬೀದಿನಾಯಿಗಳ ಗುಂಪೂ ಇರುತ್ತವೆ. ಜಾಗ ದೂಡಾ (ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಪಡೆದ ಬಡಾವಣೆಯದೋ, ಭೂಪರಿವರ್ತನೆಯಿಲ್ಲದ (ಕೃಷಿಯಿಂದ ವಾಸದ ಬಳಕೆಗೆ ಬದಲಾಗದ) ರೆವಿನ್ಯೂ ನಿವೇಶನವೋ ಎಂಬುದರ ಮೇಲೆ ಬೆಲೆಯೂ ಬ್ಯಾಂಕ್ ಸಾಲವೂ ನಿಂತಿವೆ. ಇ-ಖಾತೆ, ಮೂಲಪತ್ರಗಳು, ಮೂವತ್ತು ವರ್ಷದ ಋಣಭಾರ ಪತ್ರ, ಕಟ್ಟಡ ಪರವಾನಗಿ, ಕಂದಾಯದ ರಸೀದಿ ಇಷ್ಟನ್ನೂ ವಕೀಲರೊಬ್ಬರ ಕಣ್ಣಿಗೆ ಬೀಳಿಸದೆ ಮುಂಗಡ ಕೊಡಬೇಡಿ.

ಕೈಯಿಂದ ಹೋಗುವ ಖರ್ಚನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಿ. 60 ಲಕ್ಷ ರೂಪಾಯಿಯ ಮನೆಗೆ ಶೇ. 5ರಂತೆ ಮುದ್ರಾಂಕ ಶುಲ್ಕ 3 ಲಕ್ಷ, ಆ ಶುಲ್ಕದ ಮೇಲೆ ಶೇ. 10 ಉಪಕರ 30,000, ನಗರ ಪ್ರದೇಶದ ಶೇ. 2 ಅಧಿಭಾರ 6,000, 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ 1.2 ಲಕ್ಷ, ಒಟ್ಟು 4,56,000 ರೂಪಾಯಿ. ಈ ಮೊತ್ತವನ್ನು ಬ್ಯಾಂಕು ಸಾಲದ ಲೆಕ್ಕಕ್ಕೆ ಸೇರಿಸುವುದಿಲ್ಲ. 30 ಲಕ್ಷ ಮೀರಿ 75 ಲಕ್ಷದವರೆಗಿನ ಗೃಹಸಾಲಕ್ಕೆ ಬ್ಯಾಂಕು ಆಸ್ತಿಯ ಮೌಲ್ಯದ ಶೇ. 80ಕ್ಕಿಂತ ಹೆಚ್ಚು ಕೊಡುವಂತಿಲ್ಲವಾದ್ದರಿಂದ ಉಳಿದ ಹಣವೂ ಕೈಯಲ್ಲಿರಬೇಕು.

ಬೀದಿಯನ್ನು ರಾತ್ರಿ ನೋಡುವುದು

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮನೆ ನೋಡಿ ಬರುವುದು ರೂಢಿ, ಆ ಹೊತ್ತಿನಲ್ಲಿ ನಾಯಿ ನೆರಳಿನಲ್ಲಿ ಮಲಗಿರುತ್ತದೆ. ಬೆಲೆಯ ಮಾತು ಕುದುರುವ ಮುನ್ನ ಅದೇ ಬೀದಿಯಲ್ಲಿ ರಾತ್ರಿ ಹತ್ತೂವರೆಯ ನಂತರ ಒಮ್ಮೆ, ಬೆಳಗಿನ ಐದರಿಂದ ಆರರ ನಡುವೆ ಒಮ್ಮೆ ನಿಧಾನವಾಗಿ ನಡೆಯಿರಿ. ಹಾಲು, ಪತ್ರಿಕೆ ಬರುವ ಆ ಹೊತ್ತಿನಲ್ಲಿ ಯಾವ ಮನೆಯ ನಾಯಿ ಎಷ್ಟು ಹೊತ್ತು ಬೊಗಳುತ್ತದೆ, ಯಾವುದು ಗೇಟಿನ ಸಂದಿಯಿಂದ ಹೊರಬರುತ್ತದೆ, ಯಾವುದನ್ನು ಮಾಳಿಗೆಯ ಮೇಲೆ ಬಿಟ್ಟಿದ್ದಾರೆ ಎಂಬುದು ತಾನಾಗಿ ತಿಳಿಯುತ್ತದೆ. ಕಾಂಪೌಂಡಿನ ಪಕ್ಕದಲ್ಲೇ ಗೂಡು ಇದ್ದರೆ ಅದು ನಿಮ್ಮ ಯಾವ ಕೋಣೆಗೆ ಎದುರಾಗಿದೆ ಎಂದು ನೋಡಿಕೊಳ್ಳಿ. ಅಡುಗೆಮನೆಗೆ ಎದುರಿದ್ದರೆ ಸಹಿಸಬಹುದು, ಮಲಗುವ ಕೋಣೆಯ ಕಿಟಕಿಗೆ ಎದುರಿದ್ದರೆ ಕಷ್ಟ.

ಬೀದಿಯ ನಿಜವಾದ ಸುದ್ದಿ ಹಾಲು ಹಾಕುವವರ ಬಳಿ ಇರುತ್ತದೆ. ಯಾವ ಮನೆಗೆ ಹಾಲಿನ ಪಾಕೀಟನ್ನು ಗೇಟಿನ ಮೇಲೆ ನೇತುಹಾಕಿದ ಚೀಲಕ್ಕೆ ಹಾಕಿ ದೂರದಿಂದಲೇ ಹೋಗುತ್ತಾರೋ ಆ ಮನೆಯ ನಾಯಿ ಕಚ್ಚುವಂಥದ್ದೆಂದು ತಿಳಿಯಬೇಕು. ಗ್ಯಾಸ್ ಸಿಲಿಂಡರ್ ತರುವವರು, ಮೂಲೆಯ ಕಿರಾಣಿ ಅಂಗಡಿಯವರು, ಇಸ್ತ್ರಿ ಮಾಡುವವರು ಕೂಡ ಕೇಳಿದರೆ ಮುಚ್ಚಿಡದೆ ಹೇಳುತ್ತಾರೆ. ತೊಂದರೆ ಇದೆಯೆಂದು ತಿಳಿದರೆ ಮನೆ ಬಿಟ್ಟೇಬಿಡಬೇಕೆಂದೇನೂ ಇಲ್ಲ. ಆಸ್ತಿಯಲ್ಲಿರುವ, ಮೇಲ್ನೋಟಕ್ಕೆ ಕಾಣದ ದೋಷವನ್ನು ಮಾರುವವರು ತಿಳಿಸಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆಯಾದರೂ ಪಕ್ಕದ ಮನೆಯ ನಾಯಿ ಆ ಲೆಕ್ಕಕ್ಕೆ ಬರುವುದು ಕಷ್ಟ. ಹಾಗಾಗಿ ತಿಳಿದುಕೊಂಡು ಬೆಲೆಯಲ್ಲಿ ಇಳಿಸಿ ಕೇಳುವುದು ಕೊಳ್ಳುವವರ ಕೆಲಸ. ಸಾಧ್ಯವಿದ್ದವರು ಅದೇ ಬಡಾವಣೆಯಲ್ಲಿ ಕೆಲವು ತಿಂಗಳು ಬಾಡಿಗೆಗಿದ್ದು ನೋಡಿ ಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ಸಾಕಿದ ನಾಯಿಯೋ, ಬೀದಿಯ ನಾಯಿಯೋ

ಈಗಾಗಲೇ ಮನೆ ಕೊಂಡು ವಾಸವಿರುವವರು ಮೊದಲು ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆ ಇದು, ಏಕೆಂದರೆ ಮುಂದಿನ ದಾರಿಯೆಲ್ಲ ಇದರ ಮೇಲೆ ಕವಲೊಡೆಯುತ್ತದೆ. ಕೊರಳಪಟ್ಟಿ ಇದ್ದು ಮನೆಯೊಳಗೆ ಮಲಗುವ ನಾಯಿಗೆ ಮಾಲೀಕರಿದ್ದಾರೆ, ಅದರ ಹೊಣೆ ಅವರದು. ಬೀದಿನಾಯಿಯಾದರೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಂತೆ ಮಹಾನಗರ ಪಾಲಿಕೆ ಅದನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಮಾಡಿಸಿ, ಅದೇ ಜಾಗಕ್ಕೆ ಬಿಡಬೇಕು. ದೂರ ಒಯ್ದು ಬಿಟ್ಟು ಬನ್ನಿ ಎಂದು ಪಾಲಿಕೆಯವರನ್ನು ಒತ್ತಾಯಿಸಿ ಪ್ರಯೋಜನವಿಲ್ಲ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ರೇಬೀಸ್ ತಗುಲಿದ ಮತ್ತು ಆಕ್ರಮಣಕಾರಿಯಾದ ನಾಯಿಗಳನ್ನು ಮರಳಿ ಬಿಡಬಾರದೆಂದೂ, ಆಹಾರ ಹಾಕಲು ಗೊತ್ತುಪಡಿಸಿದ ಜಾಗಗಳಿರಬೇಕೆಂದೂ ಹೇಳಿತು. ಅದೇ ವರ್ಷದ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯತಾಣಕ್ಕೆ ಸೇರಿಸಲು ಸೂಚಿಸಿತು.

ಇವೆರಡರ ನಡುವೆ ಮೂರನೆಯ ಬಗೆಯೊಂದಿದೆ, ನಮ್ಮ ಬಡಾವಣೆಗಳಲ್ಲಿ ಹೆಚ್ಚಿನ ಜಗಳಕ್ಕೆ ಅದೇ ಮೂಲ. ಒಂದು ಮನೆಯವರು ದಿನಾ ಅನ್ನ ಹಾಕುತ್ತಾರೆ, ಹೆಸರಿಟ್ಟು ಕರೆಯುತ್ತಾರೆ, ಅದು ಅವರ ಗೇಟಿನ ಮುಂದೆಯೇ ಮಲಗಿ ದಾರಿಹೋಕರ ಬೈಕಿನ ಹಿಂದೆ ಓಡುತ್ತದೆ. ಕೇಳಿದರೆ ನಮ್ಮ ನಾಯಿಯಲ್ಲ ಎನ್ನುತ್ತಾರೆ. ಇಂಥ ನಾಯಿಗೆ ಲಸಿಕೆ ಮತ್ತು ಶಸ್ತ್ರಚಿಕಿತ್ಸೆ ಆಗಿದೆಯೇ ಎಂದು ಅವರನ್ನೇ ವಿಚಾರಿಸಿ, ಆಗಿಲ್ಲವಾದರೆ ಅವರನ್ನೂ ಸೇರಿಸಿಕೊಂಡೇ ಪಾಲಿಕೆಗೆ ಅರ್ಜಿ ಕೊಡುವುದು ಸರಿಯಾದ ಕ್ರಮ. ಅನ್ನ ಹಾಕುವವರನ್ನು ಬೈದು ದೂರ ಮಾಡಿಕೊಂಡರೆ ಆ ನಾಯಿಯನ್ನು ಹಿಡಿದುಕೊಡಲು ಬರುವ ಒಂದೇ ಕೈಯನ್ನೂ ಕಳೆದುಕೊಂಡಂತೆ.

ಮಾತನಾಡುವ ಮುನ್ನ ಬರೆದಿಡುವುದು

ಸಾಕಿದ ನಾಯಿ ಸುಮ್ಮನೆ ಬೊಗಳುವುದಿಲ್ಲ. ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿದ್ದು, ಮನೆಯವರು ಕೆಲಸಕ್ಕೆ ಹೋಗಿ ಒಂಟಿಯಾಗಿದ್ದು, ಗೇಟಿನ ಸಂದಿಯಿಂದ ಪ್ರತಿ ದಾರಿಹೋಕರೂ ಕಾಣುತ್ತಿದ್ದು, ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಕಾದ ತಾರಸಿಯ ಮೇಲೆ ಬಿಟ್ಟಿದ್ದು, ಇವೇ ಸಾಮಾನ್ಯ ಕಾರಣಗಳು. ಕಾರಣ ಯಾವುದೆಂದು ಊಹಿಸಲು ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ. "ರಾತ್ರಿ ಬಹಳ ಬೊಗಳಿತು" ಎಂದು ಬರೆದರೆ ಸಾಲದು, "ರಾತ್ರಿ 11.20ರಿಂದ 11.55, ಹಿತ್ತಲಿನ ಗೋಡೆಯ ಬಳಿ, ಬೀದಿನಾಯಿಗಳು ಹಾದುಹೋದಾಗ ಶುರು, ಮನೆಯವರು ದೀಪ ಹಾಕಿ ಕರೆದ ಮೇಲೆ ನಿಂತಿತು" ಎಂದು ಬರೆಯಬೇಕು. ಇಂಥ ಹತ್ತು ಸಾಲುಗಳಿದ್ದರೆ ಪರಿಹಾರವೂ ಅದರಲ್ಲೇ ಕಾಣುತ್ತದೆ: ನಾಯಿಯನ್ನು ರಾತ್ರಿ ಹಿತ್ತಲಿನಿಂದ ಒಳಗೆ ಕರೆದುಕೊಂಡರೆ ಮುಗಿಯಿತು. ಮೊಬೈಲಿನಲ್ಲಿ ನಿಮ್ಮ ಕೋಣೆಯೊಳಗಿನಿಂದಲೇ ಸದ್ದನ್ನು ಧ್ವನಿಮುದ್ರಿಸಿಕೊಳ್ಳಿ, ಅವರ ಅಂಗಳದತ್ತ ಕ್ಯಾಮೆರಾ ತಿರುಗಿಸಬೇಡಿ.

ಮಾತಿಗೆ ಹೋಗುವುದು ಸಂಜೆ, ಮನೆಯವರು ಚಹಾ ಕುಡಿದು ಕೂತಿರುವ ಹೊತ್ತಿನಲ್ಲಿ. ನಿದ್ದೆಗೆಟ್ಟ ಸಿಟ್ಟಿನಲ್ಲಿ ಬೆಳಿಗ್ಗೆಯೇ ಗೇಟು ಬಡಿಯಬಾರದು. ದಂಪತಿಯಾಗಿ ಹೋದರೆ ಇನ್ನೂ ಒಳ್ಳೆಯದು. "ಅಣ್ಣಾರೆ, ನಿಮ್ಮ ನಾಯಿ ರಾತ್ರಿ ಹಿತ್ತಲಗೋಡೆ ಹತ್ರ ಇದ್ದಾಗ ಬಾಳ ಕೂಗ್ತೈತ್ರಿ, ನೀವು ಮುಂದಿನ ರೂಮಿನಾಗೆ ಮಲಗಿರ್ತೀರಿ, ನಿಮಗೆ ಕೇಳ್ಸಾಕಿಲ್ಲೇನೋ; ರಾತ್ರಿ ಒಂದೀಟು ಒಳಗೆ ಕರ್ಕೊಂಡ್ರೆ ಹೆಂಗೆ ನೋಡ್ರಿ" ಎಂದು ಶುರು ಮಾಡಿದರೆ ಅವರಿಗೆ ಮುಖ ಉಳಿಯುತ್ತದೆ. ನಾಯಿಯನ್ನು ತೆಗೆದುಬಿಡಿ ಎಂದು ಕೇಳಬೇಡಿ; ಅದು ಅವರ ಮನೆಯ ಜೀವ, ಆ ಮಾತಿನೊಂದಿಗೆ ಬಾಗಿಲು ಮುಚ್ಚುತ್ತದೆ. ಅವರಿಂದ ಆಗುವಂಥ ಒಂದು ಕೆಲಸವನ್ನಷ್ಟೇ ಕೇಳಿ: ಗೂಡನ್ನು ಜಾಗ ಬದಲಿಸುವುದು, ಗೇಟಿನ ಕಂಬಿಗಳಿಗೆ ತಗಡು ಹೊಡೆಸುವುದು, ಬೆಳಿಗ್ಗೆ ಸಂಜೆ ಹಗ್ಗ ಹಿಡಿದು ನಡೆಸಿಕೊಂಡು ಬರುವುದು, ಮಲವನ್ನು ಎತ್ತುವುದು. ತಗಡಿನ ಖರ್ಚಿನಲ್ಲಿ ಪಾಲು ಕೊಡುತ್ತೇನೆಂದರೆ ಇನ್ನೂ ಚೆನ್ನ. ಒಪ್ಪಿದ ಮೇಲೆ ಹದಿನೈದು ದಿನ ಕಾಯಿರಿ, ಸ್ವಲ್ಪವಾದರೂ ಕಡಿಮೆಯಾದರೆ ಹೋಗಿ ಹೇಳಿ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಾಕಿ ಬರೆಯುವುದು ಮಾತ್ರ ಬೇಡವೇ ಬೇಡ, ಇಬ್ಬರ ನಡುವಿನ ಮಾತು ಅಲ್ಲಿ ಇಡೀ ಬೀದಿಯ ಪಕ್ಷವಾಗುತ್ತದೆ.

ಮಾತಿಗೆ ಬಗ್ಗದಿದ್ದರೆ

ಆಗ ಪತ್ರ ಬರೆಯಬೇಕು. ಬಡಾವಣೆಗೆ ಕ್ಷೇಮಾಭಿವೃದ್ಧಿ ಸಂಘವಿದ್ದರೆ ಅದರ ಮೂಲಕ, ಇಲ್ಲವಾದರೆ ನೀವೇ ಬರೆದು ಸ್ವೀಕೃತಿ ಇರುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಒಕ್ಕಣೆ ಹೀಗಿದ್ದರೆ ಸಾಕು: "ಮಾನ್ಯರೇ, ತಮ್ಮ ಮನೆಯ ನಾಯಿಯನ್ನು ರಾತ್ರಿ ನಮ್ಮ ಮಲಗುವ ಕೋಣೆಗೆ ಹೊಂದಿದ ಗೋಡೆಯ ಪಕ್ಕ ಕಟ್ಟುತ್ತಿದ್ದು, ಅದು ತಡರಾತ್ರಿಯವರೆಗೆ ಬೊಗಳುವುದರಿಂದ ಮನೆಯ ಹಿರಿಯರಿಗೂ ಓದುವ ಮಕ್ಕಳಿಗೂ ತೊಂದರೆಯಾಗುತ್ತಿದೆ. ಈ ಬಗ್ಗೆ ತಮ್ಮೊಡನೆ ಹಿಂದೆ ಮಾತನಾಡಿದ್ದೇವೆ. ನಾಯಿಯನ್ನು ರಾತ್ರಿ 10ರ ನಂತರ ಮನೆಯೊಳಗೆ ಅಥವಾ ಮುಂಭಾಗದಲ್ಲಿ ಇರಿಸಬೇಕೆಂದು ವಿನಂತಿ. ದಿನಾಂಕ ಮತ್ತು ಸಮಯದ ವಿವರವನ್ನು ಲಗತ್ತಿಸಿದ್ದೇವೆ." ಬೆದರಿಕೆಯ ಒಂದು ಪದವೂ ಇರಬಾರದು, ನಾಳೆ ಅಧಿಕಾರಿಗಳ ಮುಂದೆ ಇಡುವ ಮೊದಲ ಕಾಗದ ಇದೇ.

ಅದಕ್ಕೂ ಉತ್ತರವಿಲ್ಲದಿದ್ದರೆ ದಾರಿ ಎರಡಾಗುತ್ತದೆ. ತೊಂದರೆ ಬರೀ ಸದ್ದು, ಹೊಲಸಿನದಾದರೆ ಮಹಾನಗರ ಪಾಲಿಕೆಯ ಆರೋಗ್ಯ ಶಾಖೆಗೆ ಅರ್ಜಿ ಕೊಟ್ಟು ಸ್ವೀಕೃತಿ ಸಂಖ್ಯೆ ಪಡೆಯಿರಿ, ಒಂದೇ ಮನೆಯ ಸಹಿಗಿಂತ ಅಕ್ಕಪಕ್ಕದ ನಾಲ್ಕೈದು ಮನೆಗಳ ಸಹಿ ಇರಲಿ. ಭಾರತೀಯ ನ್ಯಾಯ ಸಂಹಿತೆಯ ಕಲಂ 270 ಮತ್ತು 292ರಲ್ಲಿ ಹೇಳಿದ ಸಾರ್ವಜನಿಕ ಉಪದ್ರವಕ್ಕೆ ಸುತ್ತಲಿನ ಜನಕ್ಕೆ ತೊಂದರೆಯಾಗಿರಬೇಕು, ಒಬ್ಬರ ಅಸಮಾಧಾನ ಸಾಲದು, ದಂಡವೂ 1,000 ರೂಪಾಯಿವರೆಗೆ ಮಾತ್ರ. ನಾಯಿ ಜನರ ಮೇಲೆ ಎರಗುವಂಥದ್ದಾಗಿದ್ದು ಮಾಲೀಕರು ಕಟ್ಟದೆ ಬಿಟ್ಟಿದ್ದರೆ ವಿಷಯ ಬೇರೆ. ಆಗ ಕಲಂ 291 ಅನ್ವಯಿಸುತ್ತದೆ: ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ಕಾರಣವಾಗಬಹುದಾದ ಪ್ರಾಣಿಯನ್ನು ಎಚ್ಚರಿಕೆಯಿಂದ ಇರಿಸಿಕೊಳ್ಳದವರಿಗೆ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಇದಕ್ಕೆ ಠಾಣೆಯಲ್ಲಿ ದೂರು ಕೊಡಬೇಕು, ತುರ್ತಿದ್ದರೆ 112. ಅಪಾಯಕಾರಿ ಪ್ರಾಣಿಯನ್ನು ಕಟ್ಟಿಹಾಕಿಸುವ ಆದೇಶವನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152ರಡಿ ಉಪವಿಭಾಗಾಧಿಕಾರಿಗಳಿಂದಲೂ ಕೋರಬಹುದು.

ಸಿವಿಲ್ ದಾವೆಗೆ ಮುನ್ನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಿ. ದಾವೆ ಹೂಡದೆಯೇ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ವ್ಯವಸ್ಥೆ ಅಲ್ಲಿದೆ, ಸಹಾಯವಾಣಿ 15100. ಅಲ್ಲಿ ಆದ ರಾಜಿಗೆ ಬರಹದ ಬಲವಿರುತ್ತದೆ, ನ್ಯಾಯಾಲಯದ ವರ್ಷಗಳ ಅಲೆದಾಟವೂ ತಪ್ಪುತ್ತದೆ. ನೆರೆಮನೆಯವರ ಮೇಲೆ ದಾವೆ ಹೂಡಿ ಗೆದ್ದವರೂ ಅದೇ ಗೋಡೆಯ ಪಕ್ಕದಲ್ಲೇ ಬಾಳಬೇಕಾದ್ದರಿಂದ ಈ ಹಂತವನ್ನು ದಾಟದಿರಲು ಆದಷ್ಟೂ ಪ್ರಯತ್ನಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಎಂದಿಗೂ ಮಾಡಬಾರದ್ದು ಒಂದಿದೆ. ವಿಷ ಹಾಕುವುದು, ಕಲ್ಲು ಹೊಡೆಯುವುದು, ಬಿಸಿನೀರು ಎರಚುವುದು ಪಾಪವೂ ಹೌದು, ಅಪರಾಧವೂ ಹೌದು. ಪ್ರಾಣಿಯನ್ನು ಕೊಲ್ಲುವ, ವಿಷವಿಕ್ಕುವ, ಅಂಗಹೀನ ಮಾಡುವವರಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 325ರಡಿ ಐದು ವರ್ಷದವರೆಗೆ ಸೆರೆವಾಸವಿದೆ. ಆ ನಾಯಿ ತನ್ನ ಮೇಲೆ ಹೇರಿದ ಒಂಟಿತನಕ್ಕೆ ಕೂಗುತ್ತಿದೆಯೇ ಹೊರತು ನಿಮ್ಮ ಮೇಲಿನ ಹಗೆಯಿಂದಲ್ಲ. ನಾಯಿಯನ್ನು ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಬಹುಕಾಲ ಕಟ್ಟಿಹಾಕುವುದು, ಸದಾ ಕಟ್ಟಿದ ನಾಯಿಗೆ ಓಡಾಟ ಕೊಡದಿರುವುದು ಎರಡೂ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಕಲಂ 11ರಂತೆ ಅಪರಾಧಗಳು. ಬಹಳ ಸಲ ನಾಯಿಯ ಹಿತವೂ ನಿಮ್ಮ ನಿದ್ದೆಯೂ ಒಂದೇ ಬೇಡಿಕೆಯಲ್ಲಿ ಸೇರುತ್ತವೆ.

ಕಚ್ಚಿದರೆ

ಇಲ್ಲಿ ಜಗಳಕ್ಕೆ ಸಮಯವಿಲ್ಲ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಪೂರ್ತಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಯಾವುದನ್ನೂ ಹಚ್ಚಬೇಡಿ. ಅದೇ ದಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಅಥವಾ ಹತ್ತಿರದ ವೈದ್ಯರ ಬಳಿಗೆ ಹೋಗಬೇಕು. ಲಸಿಕೆಯನ್ನು ಸ್ನಾಯುವಿಗೆ ಕೊಟ್ಟರೆ 0, 3, 7, 14, 28ನೇ ದಿನ, ಚರ್ಮದೊಳಗೆ ಕೊಟ್ಟರೆ 0, 3, 7, 28ನೇ ದಿನ; ರಕ್ತ ಬಂದ ಗಾಯವಾಗಿದ್ದರೆ ಇಮ್ಯುನೋಗ್ಲೋಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗುತ್ತದೆ. ಪಕ್ಕದ ಮನೆಯವರು ನಮ್ಮ ನಾಯಿಗೆ ಲಸಿಕೆಯಾಗಿದೆ ಎಂದರೆ ಕಾರ್ಡು ನೋಡಿ ವೈದ್ಯರಿಗೆ ತೋರಿಸಿ, ಆದರೆ ಆ ಮಾತಿನ ಮೇಲೆ ಆಸ್ಪತ್ರೆ ತಪ್ಪಿಸಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಚಿಕಿತ್ಸೆ ಇಲ್ಲ. ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿ ಇರಿಸುವಂತೆ ಮಾಲೀಕರಿಗೆ ಹೇಳಿ, ಆಸ್ಪತ್ರೆಯ ಚೀಟಿ ಮತ್ತು ಬಿಲ್ಲುಗಳನ್ನು ಜೋಪಾನ ಮಾಡಿ.

ಮನೆ ಮಾರುವ ದಿನ ಬಂದರೆ

ನೆರೆಮನೆಯವರೊಡನೆ ಆದ ಒಪ್ಪಂದ, ಪತ್ರದ ಪ್ರತಿ, ಅಂಚೆಯ ಸ್ವೀಕೃತಿ, ಪಾಲಿಕೆಯ ಉತ್ತರ ಇವನ್ನು ಮನೆಯ ಮೂಲಪತ್ರಗಳ ಜೊತೆಗೇ ಒಂದು ಫೈಲಿನಲ್ಲಿ ಇಡಿ. ಕೊಳ್ಳಲು ಬಂದವರು ನಾಯಿಯ ಬಗ್ಗೆ ಕೇಳಿದರೆ ಇದ್ದದ್ದನ್ನು ಹೇಳಿ. ಮೊದಲು ತೊಂದರೆಯಿತ್ತು, ಮಾತನಾಡಿ ಗೂಡನ್ನು ಆಚೆಗೆ ಸರಿಸಿದ್ದಾರೆ, ಬೇಕಿದ್ದರೆ ರಾತ್ರಿ ಬಂದು ನೋಡಿ ಎನ್ನುವ ಮಾಲೀಕರ ಮನೆಯ ಬೆಲೆಯನ್ನು ಯಾರೂ ಆ ಕಾರಣಕ್ಕೆ ಇಳಿಸಿ ಕೇಳಲಾರರು. ಬಗೆಹರಿಯದ ಜಗಳವಿದ್ದರೆ ಮಾರುವ ಆರು ತಿಂಗಳ ಮುಂಚೆಯೇ ರಾಜಿಗೆ ಕೂತು, ಬರಹದಲ್ಲಿ ಮುಗಿಸಿ, ಆಮೇಲೆ ದಲ್ಲಾಳಿಗೆ ಮನೆ ತೋರಿಸಿ.